ಸಂಪಿನ ಮುಚ್ಚಳದ ಮೇಲೆ ನಿಂತ ಕೂಪೆ

ನಮ್ಮನೆಯವರು ಬ್ಯಾಂಕಿನ ನೌಕರಿಯಿಂದ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ ಮೇಲೆ ಮಾಡಿದ ಮೊದಲ ಘನಕಾರ್ಯವೆಂದರೆ ಒಂದು ಗುಜರಿಯನ್ನು ಕೊಂಡು ತಂದದ್ದು. ಅವರು ಅದನ್ನು ಗುಜರಿ ಅನ್ನುವುದಿಲ್ಲ. ಕಾರು ಅಂತಲೂ ಅನ್ನುವುದಿಲ್ಲ. ‘ಸ್ಪೋರ್ಟ್ಸ್ ಕೂಪೆ’ ಅನ್ನುತ್ತಾರೆ, ಅದೂ ಬಾಯಿ ತುಂಬ. ಎರಡೇ ಬಾಗಿಲು, ಮುಂದೆ ಮಾರುದ್ದದ ಮೂತಿ, ಹಿಂದೆ ಸೀಟು ಅಂತ ಹೆಸರಿಗೊಂದು ಸಂದು. ಯಾರೋ ಪುಣ್ಯಾತ್ಮರು ಹಿಂದೆ ಯಾವಾಗಲೋ ಸಿಂಗಪುರದಿಂದ ಹಡಗಿನಲ್ಲಿ ಹಾಕಿಸಿಕೊಂಡು ತಂದ ಜಪಾನಿನ ಗಾಡಿಯಂತೆ. ಅವರ ಶೋಕಿ ತೀರಿದ ಮೇಲೆ ಕೆಂಗೇರಿಯ ಆಚೆ ಒಂದು ಖಾಲಿ ಸೈಟಿನಲ್ಲಿ ಟಾರ್ಪಾಲು ಹೊದ್ದುಕೊಂಡು ವರ್ಷಗಟ್ಟಲೆ ಬಿದ್ದಿತ್ತು. ಟೋಯಿಂಗ್ ಗಾಡಿಯ ಮೇಲೆ ಅದು ನಮ್ಮ ಬೀದಿಗೆ ಬಂದಾಗ ಹಿಂದಿನ ಸಂದಿನಲ್ಲಿ ಬೆಕ್ಕೊಂದು ಮರಿ ಹಾಕಿಕೊಂಡು ಕೂತಿತ್ತು. ಆ ಗಾಡಿಯಿಂದ ಈ ಭೂಮಿಯ ಮೇಲೆ ಯಾರಿಗಾದರೂ ಉಪಯೋಗವಾಗಿದ್ದರೆ ಆ ಬೆಕ್ಕಿಗೆ ಮಾತ್ರ. ನಮ್ಮನೆಯವರು ಅದನ್ನೂ ಓಡಿಸಿದರು.

“ಕಮ್ಮಿಗೆ ಸಿಕ್ತು ಕಣೇ,” ಅಂದರು.

“ಕಮ್ಮಿಗೆ ಸಿಗುತ್ತೆ ಅಂತ ಕಸಾನೂ ಮನೆಗೆ ತರ್ತಾರೇನ್ರೀ?”

“ನಿಂಗೆ ಗೊತ್ತಾಗಲ್ಲ ಬಿಡು. ಇದು ಕ್ಲಾಸಿಕ್.”

ನನಗೆ ಗೊತ್ತಾಗಬೇಕಾಗಿದ್ದದ್ದು ಒಂದೇ, ಈ ಕ್ಲಾಸಿಕ್ಕನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದು.

ಬಸವೇಶ್ವರನಗರದಲ್ಲಿ ನಮ್ಮದು ಎಲ್ಲರ ಹಾಗೆ ಮೂವತ್ತು ನಲವತ್ತರ ಸೈಟು. ಕೆಳಗೆ ಕಾರ್ ಪಾರ್ಕಿಂಗು, ಮೇಲೆ ಮನೆ, ಅದರ ಮೇಲೆ ತಾರಸಿ. ನಮ್ಮ ಬೀದಿಯಲ್ಲಿ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುವ ಪದ್ಧತಿಯೇ ಇಲ್ಲ. ಕಾರುಗಳೆಲ್ಲ ರಸ್ತೆಯಲ್ಲಿ. ಪಾರ್ಕಿಂಗಿನಲ್ಲಿ ಒಬ್ಬರದು ಟೈಲರಿಂಗು, ಒಬ್ಬರದು ಬ್ಯೂಟಿ ಪಾರ್ಲರು, ಎದುರು ಮನೆಯವರದು ರೊಟ್ಟಿ ಬಡಿಯುವ ಒಲೆ. ನನ್ನದು ಟ್ಯೂಷನ್ನು. ಅತ್ತೆ ಹಾಸಿಗೆ ಹಿಡಿದಾಗ ಹೈಸ್ಕೂಲಿನ ಗಣಿತದ ಟೀಚರ್ ಕೆಲಸ ಬಿಟ್ಟವಳು ನಾನು. ಅವರು ಹೋದ ಮೇಲೆ ಶಾಲೆಯವರು ನನ್ನನ್ನು ಮತ್ತೆ ಕರೆಯಲಿಲ್ಲ. ಹಾಳಾಗಿ ಹೋಗಲಿ ಅಂತ ಪಾರ್ಕಿಂಗಿನ ಒಂದು ಗೋಡೆಗೆ ನುಣ್ಣಗೆ ಗಾರೆ ಮಾಡಿಸಿ ಕಪ್ಪು ಬಣ್ಣ ಹೊಡೆಸಿದೆ, ಜಮಖಾನ ಹಾಸಿದೆ. ಮಕ್ಕಳು ಬಂದರು. ಹನ್ನೆರಡು ವರ್ಷ ಅದು ನನ್ನ ಶಾಲೆ. ಮನೆಯ ಉಳಿದ ಮೂಲೆಯಲ್ಲೆಲ್ಲ ನಾನು ಯಾರದೋ ಸೊಸೆ, ಯಾರದೋ ಹೆಂಡತಿ. ಅಲ್ಲಿ ಮಾತ್ರ ‘ಮಿಸ್’. ಆ ಜಾಗಕ್ಕೇ ಈ ಡಬ್ಬ ಬಂದು ವಕ್ಕರಿಸಿತು.

“ರೋಡಲ್ಲಿ ನಿಲ್ಸಿ. ಎಲ್ಲಾರೂ ಅಲ್ಲೇ ನಿಲ್ಸಿದಾರೆ.”

“ಬಿಸಿಲಿಗೆ ಪೇಂಟ್ ಹೋಗುತ್ತೆ.”

ಪೇಂಟು ಅಂತ ಒಂದಿದ್ದರಲ್ಲವೇ ಹೋಗುವುದು! ಬಾನೆಟ್ಟಿನ ಮೇಲೆ ಬಣ್ಣಕ್ಕಿಂತ ತುಕ್ಕೇ ಜಾಸ್ತಿ ಇತ್ತು.

“ಒಂದು ತಿಂಗಳು ಅಷ್ಟೇ ಕಣೇ. ಅಲ್ಲೀವರ್ಗೂ ತಾರಸಿ ಮೇಲೆ ಶೀಟ್ ಹಾಕಿದೆಯಲ್ಲ, ಅಲ್ಲಿ ಕೂರಿಸ್ಕೋ ಮಕ್ಕಳನ್ನ.”

ನಾನು ಬಾಯಿ ಬಡಿದುಕೊಂಡೆ. ಆಮೇಲೆ ಜಮಖಾನ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಮೂರು ಮೆಟ್ಟಿಲಿಗೊಂದು ಬೈಗುಳ ಬೈಯುತ್ತ ತಾರಸಿ ಹತ್ತಿದೆ. ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಶೀಟಿನ ಕೆಳಗೆ ಕೂರುವುದು ಏನು ಅಂತ ಕೂತವರಿಗೇ ಗೊತ್ತು. ಚಾಕ್‌ಪೀಸು ಹಿಡಿದ ಕೈ ಬೆವರಿ, ಗೋಡೆಗೆ ಒರಗಿಸಿಟ್ಟ ಹಳೇ ಬೋರ್ಡಿನ ಮೇಲೆ ಅಕ್ಷರವೇ ಕೂರುತ್ತಿರಲಿಲ್ಲ. ನನ್ನಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಗದಗ, ಹಾವೇರಿ ಕಡೆಯಿಂದ ಬಂದ ಮನೆಗಳ ಮಕ್ಕಳು. ಅಪ್ಪಂದಿರು ಡೆಲಿವರಿ ಗಾಡಿ ಓಡಿಸುತ್ತಾರೆ, ಗಾರೆ ಕೆಲಸ ಮಾಡುತ್ತಾರೆ. ಬಿಸಿಲೇನು ಅವರಿಗೆ ಹೊಸದಲ್ಲ. ಆದರೂ ಗದಗದ ಒಬ್ಬ ಹುಡುಗಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ, “ಶೆಕಿ ಭಾಳ ಐತ್ರೀ ಮಿಸ್, ತಲಿ ಓಡವಲ್ದು” ಅಂದಾಗ ನನಗೆ ಕೆಳಗೆ ನೆರಳಲ್ಲಿ ತಣ್ಣಗೆ ಮಲಗಿದ್ದ ಆ ತಗಡನ್ನು ಕೊಡಲಿಯಿಂದ ಸೀಳಬೇಕು ಅನ್ನಿಸಿತು.

ಇನ್ನು ನಮ್ಮನೆಯವರ ಮಿತ್ರಮಂಡಳಿ. ಭಾನುವಾರ ಬೆಳಿಗ್ಗೆ ಬಂದರೆ ಊಟದ ಹೊತ್ತಿನ ತನಕ ಕದಲುವವರಲ್ಲ. ಎಲ್ಲರಿಗೂ ಐವತ್ತು ದಾಟಿದೆ, ಹೊಟ್ಟೆ ಬೆಲ್ಟನ್ನೂ ದಾಟಿದೆ, ಆದರೆ ಬಾಯಿ ತೆಗೆದರೆ ಕಾಲೇಜು ಹುಡುಗರ ಥರ “ಗುರು”, “ಮಚ್ಚಾ”. ಬಾನೆಟ್ಟು ಎತ್ತಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತ ನಿಲ್ಲುವರು. ಎಂಜಿನ್ನನ್ನು ಬಿಚ್ಚಿ ನಾಯಂಡಹಳ್ಳಿಯ ವರ್ಕ್‌ಶಾಪಿಗೆ ಕಳಿಸಿ ಆಗಿತ್ತು. ಅಲ್ಲಿನ ಮೆಕ್ಯಾನಿಕ್ಕು “ಸೋಮವಾರ ಕೊಡ್ತೀನಿ ಸಾರ್” ಅಂದಿದ್ದ, ಯಾವ ಸೋಮವಾರ ಅಂತ ಹೇಳಿರಲಿಲ್ಲ. ಅಂದರೆ ಈ ಗಂಡಸರು ಗಂಟೆಗಟ್ಟಲೆ ನಿಂತು ನೋಡುತ್ತಿದ್ದದ್ದು ಒಂದು ಖಾಲಿ ಗುಂಡಿಯನ್ನು! ಅದಕ್ಕೆ ತಲೆ ಬೇರೆ ಆಡಿಸುವರು. ನಾನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರೆ ಆ ಎಣ್ಣೆ ಕೈಯನ್ನು ಒರೆಸಲು ನನ್ನ ಬೋರ್ಡಿನ ಡಸ್ಟರನ್ನೇ ಬಳಸುವರು. ಕಪ್ಪು ಗೋಡೆಗೆ ಮೊಳೆ ಹೊಡೆದು ಸ್ಪ್ಯಾನರುಗಳನ್ನು ನೇತುಹಾಕಿದರು. ನಾನು ಪೈಥಾಗೊರಸನ ಪ್ರಮೇಯ ಬರೆಯುತ್ತಿದ್ದ ಗೋಡೆ ಅದು.

ಅವರಲ್ಲಿ ಒಬ್ಬರು ಸೈಟಿನ ವ್ಯಾಪಾರದವರು. ನಂದಿನಿ ಲೇಔಟಿನಲ್ಲಿ ಮನೆ, ಮಾತೆತ್ತಿದರೆ ವಾಸ್ತು. ಅವರು ಒಂದು ದಿನ ಮೊಬೈಲಿನಲ್ಲಿ ದಿಕ್ಕು ನೋಡಿ, ಗಾಡಿಯ ಮುಖ ಈಶಾನ್ಯಕ್ಕೆ ಇರಬೇಕು, ಇಲ್ಲದಿದ್ದರೆ ಕೆಲಸ ಮುಗಿಯುವುದೇ ಇಲ್ಲ ಅಂತ ಅಪ್ಪಣೆ ಕೊಡಿಸಿದರು. ನಮ್ಮನೆಯವರು ಬ್ಯಾಂಕಿನಲ್ಲಿದ್ದಾಗ ಮ್ಯಾನೇಜರ ಮಾತು ಕೂಡ ಅಷ್ಟು ಬೇಗ ಕೇಳಿದವರಲ್ಲ. ಕೂಡಲೇ ಎಲ್ಲರೂ ಸೇರಿ ಗಾಡಿಯನ್ನು ಎಳೆದಾಡಿ ಮೂತಿಯನ್ನು ಈಶಾನ್ಯದ ಮೂಲೆಗೆ ತಂದರು. ಚಕ್ರ ಬಿಚ್ಚಿ, ನಾಲ್ಕು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಈಶಾನ್ಯದ ಮೂಲೆಯಲ್ಲಿ ಏನಿರುತ್ತದೆ ಅಂತ ಬೆಂಗಳೂರಿನಲ್ಲಿ ಮನೆ ಕಟ್ಟಿದ ಯಾರಿಗೂ ಹೇಳಬೇಕಾಗಿಲ್ಲ. ಅದೇ ವಾಸ್ತು ಹೇಳಿದ ಹಾಗೆ ನೀರಿನ ಸಂಪು ಇರುವುದೂ ಅಲ್ಲೇ.

“ರೀ, ಸಂಪಿನ ಮೇಲೆ ನಿಲ್ಸಿದೀರಲ್ರೀ! ಈಶಾನ್ಯದಲ್ಲಿ ಭಾರ ಇಡಬಾರದು ಅಂತ ನಿಮ್ಮ ವಾಸ್ತುನೇ ಹೇಳುತ್ತಲ್ಲ?”

ವಾಸ್ತುವಿನವರು ಹಲ್ಲು ಕಿರಿದರು. “ಎಂಜಿನ್ ತೆಗ್ದಿದೀವಲ್ಲ ಅತ್ತಿಗೆ, ಭಾರ ಎಲ್ಲಿಂದ ಬಂತು?”

ಇಂಥವರಿಗೆ ಏನು ಹೇಳುವುದು? ಎಲ್ಲರೂ ‘ಕರೆಕ್ಟು ಕರೆಕ್ಟು’ ಅಂದರು. ನಾನು ಬಜ್ಜಿಯ ತಟ್ಟೆ ಎತ್ತಿಕೊಂಡು ಮೇಲೆ ಹೋದೆ.

ಎರಡನೆಯ ಬೇಸಿಗೆ ಬಂತು. ಕಾವೇರಿ ನೀರು ದಿನ ಬಿಟ್ಟು ದಿನ ಇದ್ದದ್ದು ವಾರಕ್ಕೊಮ್ಮೆಗೆ ಇಳಿದು, ಆಮೇಲೆ ನಲ್ಲಿಯಲ್ಲಿ ಬರೀ ಗಾಳಿ. ಬೋರು ಬತ್ತಿತು. ಫೋನು ಮಾಡಿ ಮಾಡಿ ಗೋಗರೆದ ಮೇಲೆ ಒಂದು ಟ್ಯಾಂಕರು ಬಂತು. ಮಕ್ಕಳು ಕ್ಲಾಸಿಗೆ ಬರುವ ಹೊತ್ತು. ಟ್ಯಾಂಕರಿನವನು ಪೈಪು ಎಳೆದುಕೊಂಡು ಒಳಗೆ ಬಂದು ಸಂಪು ಹುಡುಕಿದ, ಗಾಡಿಯ ಕೆಳಗೆ ಬಗ್ಗಿ ನೋಡಿದ, ಆಮೇಲೆ ನನ್ನನ್ನು ನೋಡಿದ.

“ಏನ್ ಆಂಟಿ ಇದು, ಸಂಪ್ ಮೇಲೆ ಕಾರ್ ಕಟ್ಟಿದೀರಾ?”

ಗಾಡಿಯನ್ನು ಸರಿಸೋಣವೆಂದರೆ ಚಕ್ರವಿಲ್ಲ. ಎತ್ತೋಣವೆಂದರೆ ಜನವಿಲ್ಲ, ಗುರು, ಮಚ್ಚಾಗಳು ಬಜ್ಜಿ ಇದ್ದ ದಿನ ಮಾತ್ರ ಬರುವವರು. ಟ್ಯಾಂಕರಿನವನು, ಮೇಲಿಂದ ಇಳಿದು ಬಂದ ನಮ್ಮನೆಯವರಿಗೆ “ಬೇಗ ಹೇಳಿ ಸಾರ್, ಇನ್ನೂ ಬೇಜಾನ್ ಮನೆ ಇದಾವೆ” ಅಂತ ಗಡಿಬಿಡಿ ಮಾಡಿದ. ಆಗ ನಮ್ಮನೆಯವರಿಗೆ ಒಂದು ಮಹಾ ಉಪಾಯ ಹೊಳೆಯಿತು. ಬಾನೆಟ್ಟು ಎತ್ತಿ, ಎಂಜಿನ್ನಿಲ್ಲದ ಆ ಗುಂಡಿಯೊಳಗಿಂದ ಕೈ ಇಳಿಸಿ ಸಂಪಿನ ಮುಚ್ಚಳವನ್ನು ಅರ್ಧ ಸರಿಸಿದರು. ಪೈಪನ್ನು ಗಾಡಿಯ ಬಾಯಿಯೊಳಗೆ ತೂರಿಸಿ, “ಬಿಡಪ್ಪ ನೀರು” ಅಂದರು. ಅವನು ಬಿಟ್ಟ. ಅರ್ಧ ನೀರು ಸಂಪಿಗೆ ಹೋಯಿತು, ಅರ್ಧ ಗಾಡಿಯ ಒಳಗೆಲ್ಲ ಚಿಮ್ಮಿ, ಅಲ್ಲಿ ವರ್ಷಗಳಿಂದ ಅಂಟಿಕೊಂಡಿದ್ದ ಗ್ರೀಸು, ಎಣ್ಣೆ, ಬೆಕ್ಕಿನ ಕೂದಲು ಎಲ್ಲವನ್ನೂ ತೊಳೆದುಕೊಂಡು ಅದೂ ಸಂಪಿಗೇ ಇಳಿಯಿತು. ಬೀದಿಯವರು ಗೇಟಿಗೆ ಬಂದು ನಿಂತು ನೋಡಿದರು. ಒಬ್ಬರು ಮೊಬೈಲಿನಲ್ಲಿ ಹಿಡಿದರು. ನಮ್ಮನೆಯವರು ಅಂಗಿಯೆಲ್ಲ ಒದ್ದೆಯಾಗಿ, “ಸಾಕು ಸಾಕು, ವೈರಿಂಗ್ ಹೋಗುತ್ತೆ!” ಅಂತ ಕೂಗುತ್ತಿದ್ದರು. ಅಯ್ಯೋ ಶಿವನೇ, ಊರಿಗೆಲ್ಲ ನೀರಿನ ಚಿಂತೆ, ಇವರಿಗೆ ವೈರಿಂಗಿನದು.

ಮರುದಿನದಿಂದ ನಲ್ಲಿಯಲ್ಲಿ ಪೆಟ್ರೋಲ್ ಬಂಕಿನ ವಾಸನೆ. ಅನ್ನಕ್ಕೂ ಅದೇ, ಕಾಫಿಗೂ ಅದೇ. ಟ್ಯಾಂಕರ್ ನೀರಷ್ಟನ್ನೂ ಮೋಟಾರು ಹಚ್ಚಿ ಚರಂಡಿಗೆ ಬಿಟ್ಟೆವು. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ಆ ವಾರವೇ ಒಬ್ಬ ಹುಡುಗನ ತಾಯಿ ಬಂದು, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, “ಬೇಜಾರ್ ಮಾಡ್ಕೋಬೇಡಿ ಮಿಸ್. ಮೇಲೆ ಆ ಬಿಸಿಲು, ಕೆಳಗೆ ಈ ಗಲಾಟೆ. ವಿಜಯನಗರದಲ್ಲಿ ಕೋಚಿಂಗ್ ಸೆಂಟರ್‌ಗೆ ಹಾಕ್ತಾ ಇದೀವಿ” ಅಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ತಾರಸಿಯಲ್ಲಿ ಜಮಖಾನ ಅರ್ಧ ಖಾಲಿಯಾಯಿತು. ಉಳಿದವರು ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಲಾರದ ಮನೆಯ ಮಕ್ಕಳು. ಅವರಿಗೆ ನಾನಲ್ಲದೆ ಬೇರೆ ದಿಕ್ಕಿಲ್ಲ, ಅವರೂ ಹೋದರೆ ನನಗೆ ಬೇರೆ ಗತಿಯಿಲ್ಲ. ಇನ್ನೊಂದು ಬೇಸಿಗೆ ಆ ಶೀಟಿನ ಕೆಳಗೆ ಕಳೆದರೆ ನನ್ನ ಶಾಲೆ ಮುಚ್ಚಿತು ಅಂತಲೇ ನಾನು ತಿಳಿದಿದ್ದೆ.

ಇದನ್ನು ನಮ್ಮನೆಯವರಿಗೆ ಹೇಳಲಿಲ್ಲವೇ? ಹೇಳಿದೆ. ಅವರು ಆಗ ಮಲೇಷ್ಯಾದಿಂದ ಬಂದ ಸ್ಪ್ರಿಂಗುಗಳನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಒರೆಸುತ್ತಿದ್ದರು. ಅವನ್ನು ಹಾಕಿದರೆ ಗಾಡಿ ನೆಲಕ್ಕೆ ಇನ್ನೂ ಹತ್ತಿರ ಇಳಿಯುತ್ತದಂತೆ. “ಸೆಂಟರ್ ಆಫ್ ಗ್ರಾವಿಟಿ ಅಂತ ಒಂದು ಬರುತ್ತೆ, ನಿಂಗೆ ಹೇಳಿದ್ರೆ ಅರ್ಥ ಆಗಲ್ಲ” ಅಂದರು. ಗುರುತ್ವ ಕೇಂದ್ರವನ್ನು ಊರ ಮಕ್ಕಳಿಗೆಲ್ಲ ಅರ್ಥ ಮಾಡಿಸಿ ಗಂಟಲು ಹರಿದುಕೊಂಡವಳಿಗೆ!

ಅಂತೂ ಎಂಜಿನ್ನು ಬಂತು, ಚಕ್ರ ಬಂತು, ಕೆಂಪು ಬಣ್ಣ ಬಂತು. ಆಯುಧಪೂಜೆಗೆ ಗಾಡಿ ಸಿದ್ಧವಾಗಿ ನಿಂತಿತು. ಚೆಂಡು ಹೂವು, ಬಾಳೆಕಂದು, ಕುಂಬಳಕಾಯಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಅದರ ಹೆಡ್‌ಲೈಟುಗಳು ಬಾನೆಟ್ಟಿನೊಳಗಿಂದ ಮೇಲಕ್ಕೆ ಏಳುವಂಥವು. ಸ್ವಿಚ್ಚು ಹಾಕಿದರೆ ಒಂದು ಎದ್ದಿತು, ಇನ್ನೊಂದು ಏಳಲೇ ಇಲ್ಲ. ಮಂಗಳಾರತಿಯ ಹೊತ್ತಿಗೆ ಇಡೀ ಬೀದಿಗೆ ಕಣ್ಣು ಹೊಡೆಯುತ್ತ ನಿಂತಿತ್ತು. ನಾನು ನಗಲಿಲ್ಲ. ನನಗೆ ಬೇರೆಯದೇ ಚಿಂತೆ.

“ಮುಗೀತಲ್ಲ. ಇನ್ನು ನನ್ನ ಜಾಗ ಬಿಡಿ,” ಅಂದೆ.

“ಏನ್ ಹೇಳ್ತೀಯ? ಇಷ್ಟು ಕಷ್ಟಪಟ್ಟು ರೆಡಿ ಮಾಡಿದ್ದನ್ನ ಬೀದೀಲಿ ನಿಲ್ಸೋಕಾಗುತ್ತಾ? ಮಕ್ಕಳು ಆರಾಮಾಗಿ ಮೇಲೆ ಕೂರ್ತಿದಾರಲ್ಲ.”

ಆರಾಮಾಗಿ!

ಪರೀಕ್ಷೆಗಳು ಹತ್ತಿರ ಬಂದಿದ್ದ ಒಂದು ಭಾನುವಾರ, ಮೈಸೂರು ರಸ್ತೆಯ ಒಂದು ಹೋಟೆಲಿನ ಅಂಗಳದಲ್ಲಿ ಹಳೇ ಗಾಡಿಯವರೆಲ್ಲ ಸೇರುವುದಿತ್ತು. “ಎಲ್ಲರೂ ಫ್ಯಾಮಿಲಿ ಕರ್ಕೊಂಡ್ ಬರ್ತಾರೆ, ಒಂದ್ಸಲ ಬಾರೇ” ಅಂತ ಗೋಗರೆದರು. ಹನ್ನೊಂದಕ್ಕೆ ಹತ್ತನೇ ಕ್ಲಾಸಿನವರ ಪಾಠವಿದೆ, ಅಷ್ಟರೊಳಗೆ ವಾಪಸು ಬರಬೇಕು ಅಂತ ಮಾತು ತೆಗೆದುಕೊಂಡು ಹೊರಟೆ. ಆ ಸೀಟಿನಲ್ಲಿ ಕೂರುವುದೆಂದರೆ ನೆಲದ ಮೇಲೆ ಕಾಲು ಚಾಚಿ ಕೂತಂತೆ. ಇಳಕಲ್ ಸೀರೆಯ ನೆರಿಗೆ ಬಾಗಿಲಿಗೆ ಸಿಕ್ಕಿಕೊಂಡಿತು. ಅಂಗಳದಲ್ಲಿ ಆ ಜಾತಿಯ ಗಾಡಿಗಳು ಸಾಲಾಗಿ ನಿಂತಿದ್ದವು, ಎಲ್ಲದರ ಬಾನೆಟ್ಟೂ ಎದ್ದಿತ್ತು, ಎಲ್ಲದರ ಸುತ್ತಲೂ ಸೊಂಟದ ಮೇಲೆ ಕೈಯಿಟ್ಟ ಗಂಡಸರು. ಹೆಂಗಸರು ಒಂದು ಮರದ ಕೆಳಗೆ ಇಡ್ಲಿ ತಿನ್ನುತ್ತ ಗಡಿಯಾರ ನೋಡುತ್ತಿದ್ದರು. ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಎಲ್ಲರ ಮನೆಯಲ್ಲೂ ಯಾವುದೋ ಒಂದು ಜಾಗ ಹೋಗಿದೆ.

ತಂಪು ಕನ್ನಡಕದವನೊಬ್ಬ ನಮ್ಮನೆಯವರ ಬೆನ್ನು ತಟ್ಟಿ, “ಸೂಪರ್ ಬಿಲ್ಡ್ ಸಾರ್!” ಅಂದ. ಪಕ್ಕದಲ್ಲಿದ್ದ ನನ್ನನ್ನು ನೋಡಿ, “ಮೇಡಂ ಏನ್ ಮಾಡ್ಕೊಂಡಿದಾರೆ?” ಅಂತ ಅವರನ್ನೇ ಕೇಳಿದ.

“ಏನಿಲ್ಲ,” ಅಂದರು ನಮ್ಮನೆಯವರು. “ಮನೇಲೇ ಇರ್ತಾರೆ.”

ಹೇಳಿದ್ದು ಅಷ್ಟೇ. ಕೆಟ್ಟ ಮನಸ್ಸಿನಿಂದಲ್ಲ, ಗಡಿಯಾರ ನೋಡಿ ಗಂಟೆ ಹೇಳಿದಷ್ಟು ಸಹಜವಾಗಿ. ಹೇಳಿ ಕಾರ್ಬುರೇಟರಿನ ಮಾತಿಗೆ ಹೋದರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. ಅಷ್ಟು ಜನರ ಮುಂದೆ ಗಂಡನ ಮರ್ಯಾದೆ ಕಳೆಯಬಾರದು ಅನ್ನುವ ಸುಡುಗಾಡು ಸಂಸ್ಕಾರ ನನ್ನದು.

ವಾಪಸು ಹೊರಟೆವು. ನಮ್ಮ ಬಡಾವಣೆಯೊಳಗೆ ತಿರುಗಿದ ಕೂಡಲೇ ಮೊದಲ ಹಂಪು ಬಂತು. ನಮ್ಮ ಕಡೆಯ ಹಂಪುಗಳು ಎಂಥವು ಅಂತ ಗೊತ್ತಲ್ಲ. ಯಾರ ಮನೆಯ ಮುಂದೆ ಯಾರಿಗೆ ಭಯವಾಯಿತೋ ಅಲ್ಲೊಂದು ಗುಡ್ಡ. ನಮ್ಮನೆಯವರು ಗಾಡಿ ನಿಲ್ಲಿಸಿದರು.

“ಸ್ವಲ್ಪ ಇಳೀತೀಯಾ? ಇಬ್ಬರಿದ್ರೆ ತಳ ತಾಗುತ್ತೆ.”

ಇಳಿದೆ. ಬಾಗಿಲಿನ ಕಂಬಿ ಹಿಡಿದು, ಮಂಡಿ ಊರಿ, ಸೀರೆ ಕೊಡವಿಕೊಂಡು ಎದ್ದೆ. ನಡೆದುಕೊಂಡು ಹಂಪು ದಾಟಿದೆ. ಗಾಡಿ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿಕೊಂಡು, ನರಳಿಕೊಂಡು ದಾಟಿತು. ಮತ್ತೆ ಹತ್ತಿದೆ. ಮುಂದಿನ ಅಡ್ಡರಸ್ತೆಯಲ್ಲಿ ಮತ್ತೊಂದು. ಮತ್ತೆ ಇಳಿದೆ. ಹಿಂದಿದ್ದ ಆಟೋದವನು ತಲೆ ಹೊರಗೆ ಹಾಕಿ, “ಮೇಡಂ, ನನ್ ಗಾಡಿ ಹತ್ಕೊಳಿ, ಹಂಪ್‌ಗೆ ಇಳಿಸಲ್ಲ” ಅಂದ. ನಕ್ಕುಬಿಟ್ಟೆ. ನಗು ಬರುವ ಹೊತ್ತಲ್ಲ, ಆದರೂ ಬಂತು.

ಮೂರನೆಯ ಹಂಪಿನಲ್ಲಿ ಇಳಿದವಳು ಮತ್ತೆ ಹತ್ತಲಿಲ್ಲ. ದಾಟಿ ಸುಮ್ಮನೆ ಮುಂದೆ ನಡೆದೆ. “ಏಯ್, ಹತ್ತೇ!” ಅಂತ ಕೂಗಿದ್ದು ಕೇಳಿಸಿತು, ಹಾರನ್ನು ಕೇಳಿಸಿತು, ಆಮೇಲೆ ಕರ್ರ್ ಅಂತ ತಗಡು ಉಜ್ಜಿದ ಸದ್ದು. ಗಾಡಿ ಹೊಟ್ಟೆಯ ಮೇಲೆ ಕೂತಿರಬೇಕು. ನಾನು ತಿರುಗಿ ನೋಡಲಿಲ್ಲ, ಮನೆ ಬರುವ ತನಕ ನಿಲ್ಲಲಿಲ್ಲ.

ಗೇಟಿನ ಮುಂದೆ ಮಕ್ಕಳು ಕಾಯುತ್ತಿದ್ದರು. ಪಾರ್ಕಿಂಗು ಖಾಲಿಯಿತ್ತು. ನೆಲದ ಮೇಲೆ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. “ಮೇಲೆ ಹೋಗಬೇಡಿ, ಇಲ್ಲೇ ಕೂತ್ಕೊಳಿ” ಅಂದೆ. ಹಳೇ ಪೇಪರು ಹರಡಿದೆವು. ಸ್ಪ್ಯಾನರುಗಳನ್ನು ಒಂದೊಂದಾಗಿ ಕಿತ್ತು ಬಕೆಟ್ಟಿಗೆ ಹಾಕಿದೆ. ಒದ್ದೆ ಬಟ್ಟೆಯಿಂದ ಗೋಡೆ ಒರೆಸಿದೆ. ಗೇಟಿಗೆ ಒಳಗಿನಿಂದ ಚಿಲಕ ಹಾಕಿ, ಸಮರೂಪ ತ್ರಿಭುಜಗಳ ಪಾಠ ಶುರು ಮಾಡಿದೆ.

ಪಾಠ ಅರ್ಧ ಆಗಿರಬೇಕು, ಗಾಡಿ ಬಂತು. ಯಾರು ಎತ್ತಿಕೊಟ್ಟರೋ ಗೊತ್ತಿಲ್ಲ. ನಮ್ಮನೆಯವರು ಬೆವೆತು ತೊಪ್ಪೆಯಾಗಿದ್ದರು.

“ಗೇಟ್ ತೆಗಿ.”

“ಕ್ಲಾಸ್ ನಡೀತಿದೆ. ರೋಡಲ್ಲಿ ನಿಲ್ಸಿ.”

“ಬಿಸಿಲು ಕಣೇ! ಹೊಸಾ ಪೇಂಟು!”

“ಈ ಮಕ್ಕಳು ಎರಡು ಬೇಸಿಗೆ ಶೀಟ್ ಕೆಳಗೆ ಕೂತಿದ್ರು. ಒಬ್ಬರ ಬಣ್ಣಾನೂ ಹೋಗಿಲ್ಲ.”

ಮಕ್ಕಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಎದುರು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ನಮ್ಮನೆಯವರು ಆಚೆ ಈಚೆ ನೋಡಿದರು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು. ಒಳಗೆ ಬರಲು ದಾರಿಯಿಲ್ಲ, ಗಾಡಿ ಬಿಟ್ಟು ಹೋಗಲು ಮನಸ್ಸಿಲ್ಲ. ನಾನು ಬೋರ್ಡಿಗೆ ತಿರುಗಿದೆ. ಬೇಕಂತಲೇ ಅವತ್ತು ಚೆನ್ನಾಗಿ ಪಾಠ ಮಾಡಿದೆ ಅಂತ ಹೇಳಲಾರೆ. ದಿನಾ ಹೇಗೆ ಮಾಡುತ್ತಿದ್ದೆನೋ ಹಾಗೆಯೇ ಮಾಡಿದೆ. ಗದಗದ ಹುಡುಗಿಗೆ ಒಂದು ಲೆಕ್ಕ ತಿಳಿಯಲಿಲ್ಲ. ಮೂರು ಥರ ಬಿಡಿಸಿ ತೋರಿಸಿದೆ, ಆಮೇಲೆ ಅವಳನ್ನೇ ಎಬ್ಬಿಸಿ ಬೋರ್ಡಿನ ಮೇಲೆ ಮಾಡಿಸಿದೆ. “ಬಂತ್ರೀ ಮಿಸ್!” ಅಂತ ಅವಳು ಕುಣಿದಳು.

ಪಾಠ ಮುಗಿದು ಮಕ್ಕಳು ಹೋದರು. ನಮ್ಮನೆಯವರು ಇನ್ನೂ ಅಲ್ಲೇ ಕೂತಿದ್ದರು. ಗಾಡಿಯನ್ನು ನೋಡುತ್ತಿರಲಿಲ್ಲ, ಗೋಡೆಯ ಮೇಲಿದ್ದ ತ್ರಿಭುಜಗಳನ್ನು ನೋಡುತ್ತಿದ್ದರು.

“ದಿನಾ ಹಿಂಗೇ ಮಾಡ್ತಿದ್ಯಾ?” ಅಂದರು.

“ಹೂಂ.”

“ನಾನು... ಏನೋ ಹೋಂವರ್ಕ್ ಬರೆಸ್ತೀಯ ಅಂದ್ಕೊಂಡಿದ್ದೆ.”

ಹನ್ನೆರಡು ವರ್ಷ ಈ ಮನುಷ್ಯ ದಿನಾ ಸಂಜೆ ನನ್ನ ಬೋರ್ಡಿನ ಮುಂದೆಯೇ ಹಾದು ಮೆಟ್ಟಿಲು ಹತ್ತಿದ್ದಾರೆ. ಅಳು ಬಂತು, ಹಾಳಾದ್ದು, ತಡೆದರೂ ನಿಲ್ಲಲಿಲ್ಲ. ಚಾಕಿನ ಕೈಯಲ್ಲೇ ಕಣ್ಣೊರೆಸಿಕೊಂಡು ಚಿಲಕ ತೆಗೆದೆ. ಅವರನ್ನು ಒಳಗೆ ಬಿಟ್ಟುಕೊಂಡೆ, ಗಾಡಿಯನ್ನಲ್ಲ.